ಮಳೆಗಾಲದ ಎರಡು ತಿಂಗಳು ಗಾಳ ಮೂಲೆಗೆ: ನಿಮ್ಮ ಯೋಚನೆ ಏನು?

ಕೋಡಿಬಾಗದ ಗಾಳ | ಮೇ 25

ಕಾರವಾರದಲ್ಲಿ ನಿನ್ನೆ ಸಂಜೆ ಒಂದು ಗಟ್ಟಿ ಮಳೆ ಬಿತ್ತು. ಬೈತಖೋಲ ಬಂದರಿಗೆ ಟ್ರಾಲರ್‌ಗಳು ಒಂದೊಂದಾಗಿ ಬಂದು ಕಟ್ಟಿಕೊಳ್ಳುತ್ತಿವೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ದಡದಲ್ಲಿ ನಿಂತು ಗಾಳ ಹಾಕುವ ನಮ್ಮಂಥವರನ್ನು ಯಾರೂ ತಡೆಯುವುದಿಲ್ಲ. ಆದರೂ ಈ ವರ್ಷ ನಾನೂ ರಜೆ ಹಾಕುತ್ತಿದ್ದೇನೆ.

ಕಾರಣ ಹೋದ ಜುಲೈನದ್ದು. ಕಾಳಿ ಅಳಿವೆಯಲ್ಲಿ ಒಂದು ಚೊಣಕ ಸಿಕ್ಕಿತ್ತು. ಏಳೂವರೆ ಕೆಜಿ. ನನ್ನ ಜೀವಮಾನದ ಮೀನು. ಅರ್ಧ ಕೇರಿ ನೋಡಲು ಬಂದಿತ್ತು. ಮನೆಯಲ್ಲಿ ಕೊಯ್ದರೆ ಒಳಗೆ ಎರಡು ದೊಡ್ಡ ತತ್ತಿ ಗೊನೆ. ಅಮ್ಮ ಹುರಿದು ಕೊಟ್ಟಳು. ರುಚಿಯಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಈ ಮೀನಿನ ಬಗ್ಗೆ ಸುಮ್ನೆ ಓದುತ್ತಾ ಕೂತೆ. ಚೊಣಕ ಮೊದಲು ಗಂಡಾಗಿಯೇ ಬೆಳೆಯುತ್ತದೆ. ಕೆಲವು ವರ್ಷ ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮಳೆಗಾಲದಲ್ಲಿ ಹೊಳೆಯಿಂದ ಅಳಿವೆಗೆ ಇಳಿದು ಮೊಟ್ಟೆ ಇಡುತ್ತದೆ. ಅಂದರೆ ಜುಲೈನಲ್ಲಿ ಅಳಿವೆಯಲ್ಲಿ ನಿಂತು ದೊಡ್ಡ ಚೊಣಕ ಹಿಡಿದರೆ ಅದು ಬಹುಪಾಲು ಹೆಣ್ಣೇ, ಅದೂ ತತ್ತಿ ತುಂಬಿದ್ದು. ಅಂಥ ಒಂದು ಮೀನಿನ ಹೊಟ್ಟೆಯಲ್ಲಿ ಲಕ್ಷಗಟ್ಟಲೆ ಮೊಟ್ಟೆ.

ಹಾಗಾಗಿ ಎರಡು ತಿಂಗಳಿಗೆ ಬೇರೆ ಕೆಲಸ ಹಚ್ಚಿಕೊಂಡಿದ್ದೇನೆ. ರೀಲು ಬಿಚ್ಚಿ ತೊಳೆದು ಗ್ರೀಸ್ ಹಾಕಬೇಕು. ಹೋದ ವರ್ಷ ಒಂದು ಅಂಗಡಿಗೆ ಕಳಿಸಿದ್ದೆ. ದುಡ್ಡು ಜಾಸ್ತಿ ಹೋಯಿತು, ವಾಪಸ್ ಬರುವಾಗ ಒಂದು ಸ್ಕ್ರೂ ಕಡಿಮೆ ಇತ್ತು. ಈ ಸಲ ನಾನೇ ಮಾಡುತ್ತೇನೆ. ಎರಡು ದಾರ ಸೇರಿಸುವ ಎಫ್‌ಜಿ ಗಂಟನ್ನು ಕಣ್ಣು ಮುಚ್ಚಿ ಹಾಕುವಷ್ಟು ಕಲಿಯಬೇಕು. ಒಂದು ವರ್ಷದಿಂದ ಬರೆದಿಟ್ಟ ನೋಟ್‌ಬುಕ್ ಇದೆ, ಯಾವ ದಿನ ಎಲ್ಲಿ ಏನು ಸಿಕ್ಕಿತು ಅಂತ. ಅದನ್ನು ಕೂತು ಓದಬೇಕು. ಕೋಲಿನ ಕಾರ್ಕ್ ಹಿಡಿಗೆ ಬೂಸ್ಟು ಬರದಂತೆ ಏನಾದರೂ ಮಾಡಬೇಕು. ನೀವೆಲ್ಲ ಏನು ಮಾಡುತ್ತೀರಿ?

ತದಡಿ ಹುಡುಗ | ಮೇ 25

ಅಣ್ಣಾ, ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಚೊಣಕ ಕಚ್ಚುವುದೇ ಮಳೆಗಾಲದಲ್ಲಿ. ಕೆಂಪು ನೀರು ಇಳಿದು ಬಂದಾಗ ಅದು ಬಾಯಿ ತೆರೆದುಕೊಂಡೇ ಇರುತ್ತದೆ. ಆಗ ಗಾಳ ಮೂಲೆಗಿಟ್ಟು ಗಂಟು ಹಾಕುತ್ತಾ ಕೂರುತ್ತೀರಾ?

ಟ್ರಾಲರ್ ಬಲೆಗೆ ಬೆರಳುದ್ದದ ಮರಿಗಳು ರಾಶಿಗಟ್ಟಲೆ ಬಂದು ಮೀನು ಹುಡಿ ಕಾರ್ಖಾನೆಗೆ ಹೋಗುತ್ತವೆ. ನಿಮ್ಮ ಒಂದು ಚೊಣಕದಿಂದ ಕಡಲು ಬರಿದಾಗುತ್ತದಾ?

ಕೋಡಿಬಾಗದ ಗಾಳ | ಮೇ 25

ಬರಿದಾಗುವುದಿಲ್ಲ. ಆದರೆ ಅವರ ಬಲೆಯ ಲೆಕ್ಕ ತೋರಿಸಿ ನನ್ನ ಗಾಳಕ್ಕೆ ಮಾಫಿ ಕೇಳುವುದು ನನಗೇ ಸರಿ ಕಾಣಲಿಲ್ಲ. ನೀವು ಹಿಡಿಯಿರಿ ಮಾರಾಯ್ರೆ, ನಿಮ್ಮದು ಹೊಟ್ಟೆಪಾಡು. ನನ್ನದು ಚಟ.

ತದಡಿ ಹುಡುಗ | ಮೇ 26

ಚಟ ಅಂತ ಒಪ್ಪಿಕೊಂಡಿರಿ, ಮೆಚ್ಚಿದೆ. ನಮ್ಮ ಮನೆಯಲ್ಲಿ ಈ ಎರಡು ತಿಂಗಳು ಅಂದರೆ ಬಲೆ ಸರಿಮಾಡುವ ಕಾಲ. ಅಪ್ಪ ಮತ್ತು ದೊಡ್ಡಪ್ಪ ಜಗಲಿಯಲ್ಲಿ ಕೂತು ಹರಿದ ಕಣ್ಣು ಹೆಣೆಯುತ್ತಾರೆ. ದೋಣಿಗೆ ಬಣ್ಣ. ಎಂಜಿನ್ ಬಿಚ್ಚಿ ಇಡುವುದು. ಉಳಿತಾಯ ಪರಿಹಾರ ಯೋಜನೆ ಅಂತ ಒಂದಿದೆ. ನಾವು 1500 ಕಟ್ಟಿದರೆ ಸರ್ಕಾರದ್ದು 3000 ಸೇರಿಸಿ, ಒಟ್ಟು 4500 ರೂಪಾಯಿಯನ್ನು ಮೂರು ತಿಂಗಳಿಗೆ ಹಂಚಿ ಕೊಡುತ್ತಾರೆ. ತಿಂಗಳಿಗೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಅದಕ್ಕೇ ಸಣ್ಣ ದೋಣಿಯಲ್ಲಿ ಅಘನಾಶಿನಿ ಒಳಗೇ ಓಡಾಡುತ್ತೇವೆ. ನಿಮ್ಮ ರಜೆ ಬೇರೆ, ನಮ್ಮ ರಜೆ ಬೇರೆ.

ಶಿರಸಿ ಭಾವ | ಮೇ 26

ನಾನು ಮೀನು ತಿನ್ನುವುದಿಲ್ಲ. ಮನೆಯಲ್ಲಿ ಮೀನಿನ ಹೆಸರೆತ್ತುವ ಹಾಗೂ ಇಲ್ಲ. ಗಾಳದ ಕೋಲು ಅಡಿಕೆ ಅಟ್ಟದ ಮೇಲೆ ದೋಟಿಗಳ ನಡುವೆ ಇದೆ. ಹಿಡಿಯುತ್ತೇನೆ, ಬಿಡುತ್ತೇನೆ. ಇಷ್ಟು ಪರಿಚಯ ಸಾಕು.

ನಮ್ಮ ಕಡೆ ಮುಂಗಾರಿನ ಮೊದಲ ನೆರೆಗೆ ಮೀನು ಹತ್ತುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ. ಹತ್ತುಮೀನು ಅಂತಲೇ ಕರೆಯುತ್ತಾರೆ. ಅವೂ ಮೊಟ್ಟೆ ಇಡಲಿಕ್ಕೇ ಹತ್ತುವುದು. ರಾತ್ರಿ ಬ್ಯಾಟರಿ ಹಿಡಿದು ಕೂಳಿ (ಮೀನು ಹಿಡಿಯುವ ಬೋನು) ಒಡ್ಡಿ ಕಾಯುತ್ತಿದ್ದ ಕಾಲ ಇತ್ತು. ನಾನು ಚಿಕ್ಕವನಿದ್ದಾಗ ಪಕ್ಕದ ಕೇರಿಯವರು ಬುಟ್ಟಿ ತುಂಬಿ ತರುತ್ತಿದ್ದರು. ಈಗ ಅದೇ ಹಳ್ಳದಲ್ಲಿ ಒಂದು ರಾತ್ರಿ ಕಾದರೂ ಬುಟ್ಟಿಯ ತಳ ಮುಚ್ಚುವುದಿಲ್ಲ. ಅದಕ್ಕೆ ಕೂಳಿ ಒಂದೇ ಕಾರಣವಲ್ಲ. ಗದ್ದೆಗಳು ತೋಟವಾದವು, ಹಳ್ಳಕ್ಕೆ ಅಲ್ಲಲ್ಲಿ ಕಟ್ಟೆ ಬಿತ್ತು, ತೋಟದ ಔಷಧಿ ನೀರಿಗೆ ಸೇರಿತು. ಆದರೂ ಗಾಳದವರು ಜೂನ್ ಒಂದು ತಿಂಗಳು ಹಳ್ಳದ ಕಡೆ ಹೋಗದಿದ್ದರೆ ಏನೂ ಕಳೆದುಕೊಳ್ಳುವುದಿಲ್ಲ, ಅಲ್ವಾ?

ರೀಲಿನ ಬಗ್ಗೆ ಒಂದು ಮಾತು. ಕೊಬ್ಬರಿ ಎಣ್ಣೆ ಹಾಕಬೇಡಿ. ನಾನು ಹಾಕಿದ್ದೆ. ಬೇಸಿಗೆಯಲ್ಲಿ ಬೆಣ್ಣೆ ಹಾಗೆ ತಿರುಗಿತು. ಡಿಸೆಂಬರ್ ಚಳಿಗೆ ಒಳಗೇ ಹೆಪ್ಪುಗಟ್ಟಿ ಹ್ಯಾಂಡಲ್ ಅಲ್ಲಾಡಲಿಲ್ಲ. ಬಿಸಿಲಿಗೆ ಇಟ್ಟು ಕರಗಿಸಿಕೊಂಡು ಹೋಗಬೇಕಾಯಿತು.

ಅಂಕೋಲೆ ಗ್ಯಾರೇಜ್ | ಮೇ 27

ಕೊಬ್ಬರಿ ಎಣ್ಣೆ! ಭಾವ, ನಿಮಗೆ ದೊಡ್ಡ ನಮಸ್ಕಾರ.

ನನ್ನದು ಬೈಕ್ ರಿಪೇರಿ ಕೆಲಸ. ಸಂಜೆ ಮಂಜುಗುಣಿಯಲ್ಲಿ ಗಾಳ. ರೀಲು ಬಿಚ್ಚುವವರಿಗೆ ನನಗೆ ತಿಳಿದದ್ದು ಹೇಳುತ್ತೇನೆ.

ಬಿಚ್ಚುವ ಮೊದಲು ಒಂದು ಬಿಳಿ ಪಂಚೆ ಹಾಸಿ. ಕಪ್ಪು ಮೇಜಿನ ಮೇಲೆ ಸಣ್ಣ ಸ್ಪ್ರಿಂಗ್ ಬಿದ್ದರೆ ಹೋಯಿತು ಅಂತಲೇ ಲೆಕ್ಕ. ಪ್ರತಿ ಭಾಗ ತೆಗೆದಾಗಲೂ ಫೋನಿನಲ್ಲಿ ಫೋಟೊ ತೆಗೆಯಿರಿ. ತೆಗೆದ ಸಾಲಿನಲ್ಲೇ ಎಡದಿಂದ ಬಲಕ್ಕೆ ಜೋಡಿಸಿಡಿ. ವಾಷರ್ ಯಾವ ಮುಖ ಮೇಲಿತ್ತು ಅನ್ನುವುದೂ ಫೋಟೊದಲ್ಲಿ ಕಾಣಬೇಕು. ಹಳೇ ಗ್ರೀಸನ್ನು ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆಯಿರಿ. ಆದರೆ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ತಡೆದು ತಡೆದು ಬಿಡುವ ಬ್ರೇಕು) ವಾಷರ್‌ಗಳನ್ನು ಸೀಮೆಎಣ್ಣೆಗೆ ಹಾಕಬೇಡಿ. ಪ್ಲಾಸ್ಟಿಕ್ ಭಾಗಗಳನ್ನೂ ಹಾಕಬೇಡಿ. ಹಲ್ಲಿನ ಗಾಲಿಗಳಿಗೆ ಗ್ರೀಸ್, ಬೇರಿಂಗಿಗೆ ಎಣ್ಣೆ. ಇದನ್ನು ಅದಲು ಬದಲು ಮಾಡಿದರೆ ರೀಲು ಭಾರವಾಗುತ್ತದೆ. ಬೇರಿಂಗಿಗೆ ಹೊಲಿಗೆ ಮಷಿನ್ ಎಣ್ಣೆ ಒಂದೇ ಹನಿ ಸಾಕು. ಗ್ರೀಸ್ ಜಾಸ್ತಿ ಮೆತ್ತಬೇಡಿ, ಹಲ್ಲಿಗೆ ತೆಳುವಾಗಿ ಹಿಡಿದರೆ ಸಾಕು. ಗ್ಯಾರೇಜಿಗೆ ಬರುವವರೆಲ್ಲ ಗ್ರೀಸ್ ತುಂಬಿದಷ್ಟೂ ಒಳ್ಳೆಯದು ಅಂದುಕೊಂಡಿರುತ್ತಾರೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೆಲಸ ಮುಗಿಯಿತು ಅಂದುಕೊಳ್ಳುವವರೂ ಇದ್ದಾರೆ. ಅದು ಇದ್ದ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತದೆ.

ದಾರ ಹಾದುಹೋಗುವ ಆ ಸಣ್ಣ ರೋಲರ್ ಇದೆಯಲ್ಲ, ಅದನ್ನು ಮರೆಯಬೇಡಿ. ಒದ್ದೆ ದಾರ ದಿನವಿಡೀ ಅದರ ಮೇಲೇ ಓಡುತ್ತದೆ. ಹಾಗಾಗಿ ಉಪ್ಪು ಮೊದಲು ಹಿಡಿಯುವುದು ಅಲ್ಲೇ. ಕಿರ್ ಕಿರ್ ಸದ್ದು ಬಂದರೆ ನೂರಕ್ಕೆ ಎಂಬತ್ತು ಪಾಲು ಅದರದ್ದೇ.

ದಿನದ ತೊಳೆತಕ್ಕೆ ನಲ್ಲಿ ಜೋರಾಗಿ ಬಿಡಬೇಡಿ. ಉಪ್ಪು ಹೊರಗೆ ಹೋಗುವ ಬದಲು ಒಳಗೆ ಹೋಗುತ್ತದೆ. ಡ್ರ್ಯಾಗ್ ಬಿಗಿ ಮಾಡಿ, ಚೊಂಬಿನಿಂದ ಮೆಲ್ಲಗೆ ನೀರು ಹಾಕಿ, ಒರೆಸಿ. ಎತ್ತಿಡುವಾಗ ಡ್ರ್ಯಾಗ್ ಪೂರ್ತಿ ಸಡಿಲ ಬಿಡಿ. ಎರಡು ತಿಂಗಳು ಬಿಗಿಯಾಗಿಯೇ ಇಟ್ಟರೆ ವಾಷರ್ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಮೊದಲ ದೊಡ್ಡ ಮೀನು ಎಳೆದಾಗ ದಾರ ಜಗ್ಗಿ ಜಗ್ಗಿ ಬರುತ್ತದೆ.

ಬ್ರೇಡ್ (ಎಳೆ ಹೆಣೆದ) ದಾರ ಹೊಸದು ಕೊಳ್ಳುವ ಮೊದಲು ತಿರುಗಿಸಿ ಸುತ್ತಿ ನೋಡಿ. ಹೊರಗಿನ ಐವತ್ತು ಮೀಟರ್ ಸವೆದಿರುತ್ತದೆ, ಒಳಗಿನದ್ದು ಹೊಸದರ ಹಾಗೇ ಇರುತ್ತದೆ.

ಹೊಸಬ ಬೆಂಗಳೂರು | ಮೇ 28

ಜುಲೈನಲ್ಲಿ ಗೋಕರ್ಣಕ್ಕೆ ಬರುತ್ತಿದ್ದೇವೆ. ಓಂ ಬೀಚ್ ಬಂಡೆಗಳ ಮೇಲಿಂದ ಗಾಳ ಹಾಕಬಹುದಾ? ರೀಲ್ಸ್‌ನಲ್ಲಿ ನೋಡಿದೆ, ಚೆನ್ನಾಗಿತ್ತು.

ತದಡಿ ಹುಡುಗ | ಮೇ 28

ಬೇಡ.

ಕೋಡಿಬಾಗದ ಗಾಳ | ಮೇ 28

ಹುಡುಗ ಒಂದೇ ಮಾತಲ್ಲಿ ಹೇಳಿದ. ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಳೆಗಾಲದಲ್ಲಿ ಬಂಡೆ ಮೇಲೆ ಪಾಚಿ ಇರುತ್ತದೆ. ಹತ್ತು ತೆರೆ ಕಾಲ ಬುಡಕ್ಕೆ ಬಂದು ಹೋಗುತ್ತವೆ, ಹನ್ನೊಂದನೆಯದು ಎದೆಗೆ ಬರುತ್ತದೆ. ಮೂರು ವರ್ಷದ ಹಿಂದೆ ಮಾಜಾಳಿ ಕಡೆ ನನಗೆ ಹಾಗೇ ಆಯಿತು. ಕೋಲು ಹೋಯಿತು, ಮೊಣಕಾಲಿನ ಚರ್ಮ ಹೋಯಿತು, ನಾನು ಉಳಿದೆ. ಈಗ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಮುನ್ಸೂಚನೆ ನೋಡದೆ ಬೇಸಿಗೆಯಲ್ಲೂ ಬಂಡೆ ಹತ್ತುವುದಿಲ್ಲ.

ಕಾಳಿ ದಡದಲ್ಲಿ ನಿಲ್ಲುವವರೂ ಕೇಳಿ. ಮೇಲೆ ಕದ್ರಾ ಅಣೆಕಟ್ಟಿದೆ. ಗೇಟು ತೆಗೆದರೆ ನಮ್ಮಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಬಿಡುವ ಮೊದಲು ಎಚ್ಚರಿಕೆ ಕೊಡುತ್ತಾರೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಿಂತವನಿಗೆ ಅದು ಯಾವ ಉಪಯೋಗ?

ಮಾಜಾಳಿ ಪಂಜರ | ಮೇ 29

ನಾನು ಎರಡು ವರ್ಷ ಪಂಜರದಲ್ಲಿ ಚೊಣಕ ಸಾಕಿದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ಗಂಡು ಹೆಣ್ಣಾಗುವ ಮಾತು ನಿಜ. ನಾವು ಪಂಜರದಿಂದ ಮಾರುವಷ್ಟು ದೊಡ್ಡದರಲ್ಲಿ ಹೆಣ್ಣು ಸಿಗುವುದೇ ಅಪರೂಪ. ಚೆನ್ನೈನಲ್ಲಿರುವ ಉಪ್ಪುನೀರು ಮೀನು ಸಾಕಣೆಯ ಸಂಶೋಧನಾ ಸಂಸ್ಥೆ ಸಿಬಾ 1997ರಲ್ಲಿ ತೊಟ್ಟಿಯಲ್ಲೇ ಇದರ ಮರಿ ಮಾಡಿಸಿತು. ಆಮೇಲೆ ಸಾಕುವವರಿಗೆ ಮರಿ ಸಿಗುವಂತಾಯಿತು. ಅದಕ್ಕೂ ಮೊದಲು ಹೊಳೆಯಿಂದಲೇ ಹಿಡಿದು ತರಬೇಕಿತ್ತು.

ಮರಿ ಸಾಕುವುದು ಅಂದರೆ ಕಾವಲು ಕಾದ ಹಾಗೆ. ವಾರಕ್ಕೊಮ್ಮೆ ದೊಡ್ಡದು ಸಣ್ಣದು ಬೇರೆ ಮಾಡಬೇಕು. ಇಲ್ಲದಿದ್ದರೆ ಅಣ್ಣ ತಮ್ಮನನ್ನೇ ನುಂಗಿಬಿಡುತ್ತಾನೆ. ಒಮ್ಮೆ ಒಂದು ಮರಿಯ ಬಾಯಿಂದ ಇನ್ನೊಂದರ ಬಾಲ ಹೊರಗೆ ನೇತಾಡುತ್ತಿತ್ತು. ನುಂಗಲೂ ಆಗದೆ ಉಗುಳಲೂ ಆಗದೆ ಎರಡೂ ಸತ್ತವು.

ಶಿರಸಿ ಭಾವ | ಮೇ 29

ಆಸ್ತಿ ಪಾಲಿನ ಕತೆ ಇದ್ದಂತಿದೆ.

ಹೊನ್ನಾವರದ ಅಕ್ಕ | ಜೂನ್ 3

ಗಾಳದವರ ಮಧ್ಯೆ ಅಡುಗೆಯವಳು ಬಂದೆ. ನನ್ನ ಗಂಡನೂ ನಿಮ್ಮ ಹಾಗೆಯೇ. ಮಳೆಗಾಲದಲ್ಲಿ ಮನೆಯಲ್ಲಿರುತ್ತಾನೆ ಅನ್ನುವುದೇ ನನಗೆ ತೊಂದರೆ.

ಜೂನ್ ಮೊದಲ ಎರಡು ವಾರ ತಾಜಾ ಮೀನು ಸಿಗುವುದು ಕಷ್ಟ. ಪೂರ್ವ ಕರಾವಳಿಯ ರಜೆ ಏಪ್ರಿಲ್ 15ರಿಂದ ಜೂನ್ 14. ನಮ್ಮದು ಜೂನ್ 1ಕ್ಕೆ ಶುರು. ಅಂದರೆ ಆ 14 ದಿನ ಎರಡೂ ಕಡೆ ಬಂದ್. 15ರ ಮೇಲೆ ಆ ಕಡೆಯ ಐಸ್ ಮೀನು ಲಾರಿಯಲ್ಲಿ ಬರುತ್ತದೆ, ರುಚಿ ಕೇಳಬೇಡಿ. ನಾನು ಏಪ್ರಿಲ್ ಬಿಸಿಲಲ್ಲೇ ಒಣ ಬಂಗುಡೆ, ಒಣ ಶೆಟ್ಲಿ (ಸಿಗಡಿ) ಡಬ್ಬಿ ತುಂಬಿಸುತ್ತೇನೆ. ಮಳೆ ಹಿಡಿದ ಮೇಲೆ ಒಂದು ದಿನ ಬಿಸಿಲು ಬಿದ್ದರೆ ಮತ್ತೆ ಅಂಗಳಕ್ಕೆ ಹಾಕಿ ತೆಗೆಯಬೇಕು. ಇಲ್ಲದಿದ್ದರೆ ಹುಳ.

ಕಾರ್ಕಿನ ಬೂಸ್ಟಿಗೆ ಹೇಳುತ್ತೇನೆ. ಹಿಡಿಯನ್ನು ಸೋಪು ನೀರಲ್ಲಿ ತಿಕ್ಕಿ ಪೂರ್ತಿ ಒಣಗಿಸಿ. ಚೀಲದಿಂದ ತೆಗೆದು ಗಾಳಿ ಆಡುವಲ್ಲಿ ನಿಲ್ಲಿಸಿಡಿ. ಒದ್ದೆ ಕೋಲನ್ನು ಚೀಲಕ್ಕೆ ಹಾಕುವುದೇ ತಪ್ಪು. ನನ್ನ ಗಂಡ ಒಣಮೀನಿನ ಡಬ್ಬಿಯ ಪಕ್ಕ ರಬ್ಬರ್ ಮೀನುಗಳ ಪೊಟ್ಟಣ ಇಟ್ಟಿದ್ದ. ಇಲಿ ಒಣಮೀನು ಬಿಟ್ಟು ರಬ್ಬರ್ ಮೀನು ತಿಂದಿತು. ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಇಲಿಗಾದರೂ ಮೋಸವಾಯಿತಲ್ಲ!

ಕೋಡಿಬಾಗದ ಗಾಳ | ಜೂನ್ 18

ಹೊರಗೆ ಧೋ ಅಂತ ಸುರಿಯುತ್ತಿದೆ. ಎಫ್‌ಜಿ ಗಂಟಿನ ವರದಿ ಕೊಡುತ್ತೇನೆ. ಹೊಸಬರಿಗೆ ಹೇಳುವುದಾದರೆ, ಬ್ರೇಡ್ ದಾರಕ್ಕೆ ಮುಂದೆ ದಪ್ಪ ನೈಲಾನ್ ದಾರ ಸೇರಿಸುವ ಗಂಟು ಇದು. ಬಂಡೆಗೆ, ಮೀನಿನ ಕಿವಿರಿನ ಅಂಚಿಗೆ ಉಜ್ಜಿದರೆ ಬ್ರೇಡ್ ಬೇಗ ಹರಿಯುತ್ತದೆ. ಅದಕ್ಕೆ ಮುಂದೆ ನೈಲಾನ್ ಬೇಕು. ಬೇರೆ ಗಂಟುಗಳಲ್ಲಿ ಎರಡೂ ದಾರ ಮಡಚಿಕೊಳ್ಳುತ್ತವೆ, ಉಂಡೆಯಾಗುತ್ತದೆ, ಎಸೆಯುವಾಗ ಕೋಲಿನ ಬಳೆಗೆ ತಾಗುತ್ತದೆ. ಇದರಲ್ಲಿ ನೈಲಾನ್ ನೆಟ್ಟಗೆ ಇರುತ್ತದೆ. ಬ್ರೇಡ್ ಅದರ ಸುತ್ತ ಜಡೆ ಹಾಗೆ ಒಮ್ಮೆ ಮೇಲೆ ಒಮ್ಮೆ ಕೆಳಗೆ, ಇಪ್ಪತ್ತು ಸುತ್ತು. ಎಳೆದಷ್ಟೂ ಕಚ್ಚಿಕೊಳ್ಳುತ್ತದೆ. ಕೊನೆಗೆ ಸಣ್ಣ ಬೀಗದ ಗಂಟುಗಳು.

ಸುತ್ತುವಾಗ ಬ್ರೇಡ್ ಬಿಗಿಯಾಗಿಯೇ ಇರಬೇಕು. ಅಲ್ಲೇ ನಾನು ಸೋಲುತ್ತಿದ್ದೆ. ಕೋಲನ್ನು ಕುರ್ಚಿಗೆ ಕಟ್ಟಿ, ದಾರವನ್ನು ಕಿಟಕಿ ಸರಳಿಗೆ ಬಿಗಿದು ಅಭ್ಯಾಸ ಮಾಡಿದೆ. ಮೊದಲ ಮೂವತ್ತು ಗಂಟು ಜಾರಿದವು. ಒದ್ದೆ ಮಾಡಿ ನಿಧಾನಕ್ಕೆ ಎಳೆದರೆ ಬ್ರೇಡ್‌ನ ಬಣ್ಣ ಸ್ವಲ್ಪ ಗಾಢವಾಗುತ್ತದೆ. ಆಗ ಕಚ್ಚಿಕೊಂಡಿತು ಅಂತ ಅರ್ಥ. ನೀರಿನ ಕೊಡ ತೂಗುಹಾಕಿ ನೋಡಿದೆ, ನಿಂತಿತು. ಕೊಡ ಅಮ್ಮನದ್ದು.

ಕೋಡಿಬಾಗದ ಗಾಳ | ಜುಲೈ 2

ನೋಟ್‌ಬುಕ್ ಓದಿ ತಲೆ ಕೆಟ್ಟಿತು. ಬೆಳಿಗ್ಗೆ ಆರಕ್ಕೆ ಸಿಕ್ಕಿತು, ಸಂಜೆ ನಾಲ್ಕಕ್ಕೆ ಸಿಕ್ಕಿತು, ಮಧ್ಯಾಹ್ನ ಒಂದಕ್ಕೂ ಸಿಕ್ಕಿತು. ಯಾವುದಕ್ಕೂ ತಾಳೆ ಇಲ್ಲ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೇ ಕಾಳಿ ಸೇತುವೆ ಬಿದ್ದ ಮೇಲೆ ನಾನು ಕಂಬದ ಬುಡ ಬಿಟ್ಟು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ ಹೋದೆ. ಜಾಗ ಬದಲಾದದ್ದಕ್ಕೇ ಲೆಕ್ಕ ತಪ್ಪಿತಾ ಅಂತಲೂ ಯೋಚಿಸಿದೆ.

ತದಡಿ ಹುಡುಗ | ಜುಲೈ 2

ಗಡಿಯಾರದ ಹೊತ್ತು ಬರೆದಿದ್ದೀರಾ? ತಿಥಿ ಬರೆದಿಲ್ವಾ? ಅಯ್ಯೋ ಅಣ್ಣಾ.

ಭರತಿ, ಅಂದರೆ ಕಡಲ ನೀರಿನ ಏರು, ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇವತ್ತು ಆರಕ್ಕೆ ಇದ್ದದ್ದು ವಾರ ಬಿಟ್ಟು ನೋಡಿದರೆ ಅದೇ ಆರಕ್ಕೆ ಸುಕತಿ (ಇಳಿತ) ಆಗಿರುತ್ತದೆ. ಮೀನಿಗೆ ಗಡಿಯಾರ ಇಲ್ಲ. ನಮ್ಮ ಅಜ್ಜನ ಲೆಕ್ಕ ಹೀಗೆ. ಪಾಡ್ಯದಿಂದ ತಿಥಿ ಎಣಿಸಿ, ಮುಕ್ಕಾಲರಿಂದ ಗುಣಿಸಿ. ಪಂಚಮಿ ಅಂದರೆ ಐದು ಮುಕ್ಕಾಲು, ಮೂರೂಮುಕ್ಕಾಲು. ಆ ಹೊತ್ತಿಗೆ ತುಂಬು ಭರತಿ. ಅಷ್ಟಮಿಗೆ ಆರು ಗಂಟೆ. ಅಮಾವಾಸ್ಯೆ ಹುಣ್ಣಿಮೆಗೆ ಹದಿನೈದು ಅಂತ ಹಿಡಿದರೆ ಹನ್ನೊಂದೂ ಕಾಲು. ಸ್ವಲ್ಪ ಆಚೀಚೆ ಆಗುತ್ತದೆ, ಹೊಳೆ ಒಳಗೆ ಹೋದಷ್ಟೂ ತಡ. ನಿಮ್ಮ ಹತ್ತಿರ ತಾರೀಕು ಇದೆಯಲ್ಲ? ಪಂಚಾಂಗ ತೆಗೆದು ತಿಥಿ ತುಂಬಿಸಿ.

ಕೋಡಿಬಾಗದ ಗಾಳ | ಜುಲೈ 6

ನಾಲ್ಕು ದಿನ ಹಳೇ ಪಂಚಾಂಗ ಇಟ್ಟುಕೊಂಡು ಕೂತೆ. ಹುಡುಗಾ, ನಿಮ್ಮ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸಿ. ನನ್ನ ಚೊಣಕಗಳಲ್ಲಿ ಮುಕ್ಕಾಲು ಪಾಲು ಭರತಿ ತಿರುಗಿದ ಮೇಲಿನ ಎರಡು ತಾಸಿನಲ್ಲಿ ಸಿಕ್ಕಿವೆ. ಬೆಳಿಗ್ಗೆಯೋ ಸಂಜೆಯೋ ಮುಖ್ಯವೇ ಅಲ್ಲ. ಕಾಂಡ್ಲಾ ಬೇರುಗಳ ಒಳಗೆ ಹೋಗಿದ್ದ ಶೆಟ್ಲಿ, ಸಣ್ಣ ಮೀನು ನೀರಿನ ಜೊತೆ ಹೊರಗೆ ಇಳಿಯುತ್ತವೆ. ತೋಡಿನ ಬಾಯಲ್ಲಿ ಇವನು ಕಾಯುತ್ತಿರುತ್ತಾನೆ. ಅಷ್ಟಮಿ ಆಸುಪಾಸಿನಲ್ಲಿ ನೀರಿನ ಓಟ ಕಡಿಮೆ. ಆ ದಿನಗಳಲ್ಲಿ ಬರೆದ ಪುಟಗಳೆಲ್ಲ ಖಾಲಿ. ಒಂದು ವರ್ಷ ಅಷ್ಟಮಿ ದಿನ ಸುಮ್ನೆ ನಿಂತು ಸೊಳ್ಳೆ ಕಚ್ಚಿಸಿಕೊಂಡಿದ್ದೇನೆ.

ರೀಲು ಬಿಚ್ಚಿದ್ದೇನೆ. ಊಟದ ಮೇಜಿನ ಮೇಲೆ ಹರಡಿದೆ. ಮಿಕ್ಸರ್ ಜಾರು ಸೋರುತ್ತಿದೆ ಅಂತ ಅಮ್ಮನ ಗಲಾಟೆ ಬೇರೆ. ಅದನ್ನೂ ಬಿಚ್ಚಿಟ್ಟಿದ್ದೇನೆ.

ಶಿರಸಿ ಭಾವ | ಜುಲೈ 17

ನಮ್ಮಲ್ಲಿ ಮೂರು ದಿನದಿಂದ ಬಿಡದ ಮಳೆ. ತದಡಿಯವರೇ, ಕೆಂಪು ನೀರು ಕಳಿಸಿದ್ದೇನೆ, ಬಂತಾ?

ತದಡಿ ಹುಡುಗ | ಜುಲೈ 18

ಬಂತು ಭಾವ. ನಡುವೆ ಒಂದು ಅಣೆಕಟ್ಟೂ ಇಲ್ಲದ ಹೊಳೆ, ನೀವು ಕಳಿಸಿದ್ದು ಹಾಗೇ ಬರುತ್ತದೆ. ಗಜನಿಯಲ್ಲಿ (ಉಪ್ಪುನೀರು ಬರುವ ಗದ್ದೆ) ಕಗ್ಗ ಭತ್ತ ಮೊಣಕಾಲೆತ್ತರ ಬಂದಿದೆ. ಈ ಸಿಹಿನೀರು ಉಪ್ಪು ತೊಳೆದರೆ ಮಾತ್ರ ಅದು ಬೆಳೆಯುವುದು. ಕೊಯ್ಲು ಮುಗಿದ ಮೇಲೆ ಉಪ್ಪುನೀರು ಒಳಗೆ ಬಿಡುತ್ತೇವೆ, ಅದೇ ಗದ್ದೆಯಲ್ಲಿ ಶೆಟ್ಲಿ ಮತ್ತು ಮೀನು.

ನಿನ್ನೆ ಒಂದು ಚೊಣಕ ಬಂತು. ಆರು ಕೆಜಿ ಇರಬಹುದು. ತತ್ತಿ ಇತ್ತು. ಮಾರಿದೆ. ಈ ಚರ್ಚೆ ಓದದಿದ್ದರೆ ತತ್ತಿ ಇದೆಯಾ ಅಂತ ನೋಡುತ್ತಲೂ ಇರಲಿಲ್ಲ. ಅಣ್ಣಾ, ನೀವು ಕೆಲಸ ಕೆಡಿಸಿದಿರಿ.

ಕೋಡಿಬಾಗದ ಗಾಳ | ಜುಲೈ 18

ಮಾರಿದ್ದಕ್ಕೆ ನಾನೇನೂ ಅನ್ನುವುದಿಲ್ಲ.

ಅಂಕೋಲೆ ಗ್ಯಾರೇಜ್ | ಆಗಸ್ಟ್ 1

ದೋಣಿ ಹೊರಟವಾ?

ತದಡಿ ಹುಡುಗ | ಆಗಸ್ಟ್ 1

ಕೆಲವು ಹೊರಟವು. ಗಾಳಿ ಇನ್ನೂ ಇಳಿದಿಲ್ಲ. ನಮ್ಮ ಮನೆಯವರು ನಾರಳಿ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಟ್ಟ ಮೇಲೆಯೇ ಹೊರಡುವುದು.

ಕೋಡಿಬಾಗದ ಗಾಳ | ಆಗಸ್ಟ್ 24

ಇವತ್ತು ಮೊದಲ ಸಲ ಹೋದೆ. ತಿಥಿ ನೋಡಿ, ಭರತಿ ತಿರುಗುವ ಹೊತ್ತಿಗೆ ಸರಿಯಾಗಿ ತೋಡಿನ ಬಾಯಲ್ಲಿ ನಿಂತೆ. ಎಫ್‌ಜಿ ಗಂಟು ಬಳೆಯಲ್ಲಿ ಸದ್ದೇ ಇಲ್ಲದೆ ಹಾದುಹೋಯಿತು. ಒಂದು ಕೆಂಬೇರಿ ಸಿಕ್ಕಿತು, ಅಂಗೈಯಗಲ. ಬಿಟ್ಟೆ. ಆಮೇಲೆ ಏನೋ ದೊಡ್ಡದು ಎಳೆಯಿತು. ಡ್ರ್ಯಾಗ್ ನುಣ್ಣಗೆ ಬಿಡುತ್ತಾ ಹೋಯಿತು. ಬೇರಿಗೆ ಸುತ್ತಿಕೊಂಡು ಕಡಿಯಿತು. ಕಡಿದದ್ದು ನೈಲಾನ್, ಗಂಟಲ್ಲ!

ಒಂದೇ ಅನುಮಾನ. ರೀಲು ಜೋಡಿಸಿ ಆರು ವಾರ ಆಯಿತು, ಮೇಜಿನ ಮೇಲೆ ಒಂದು ಸಣ್ಣ ವಾಷರ್ ಉಳಿದಿತ್ತು. ಹೆದರಿಕೊಂಡು ಇಷ್ಟು ದಿನ ಹೇಳಿರಲಿಲ್ಲ. ಫೋಟೊ ಹಾಕಿದ್ದೇನೆ. ಗ್ಯಾರೇಜ್ ಅಣ್ಣ, ಇದು ಎಲ್ಲಿಯದು?

ಅಂಕೋಲೆ ಗ್ಯಾರೇಜ್ | ಆಗಸ್ಟ್ 24

ಇದು ರೀಲಿನದ್ದೇ ಅಲ್ಲ ಮಾರಾಯ್ರೆ. ಅಮ್ಮನ ಮಿಕ್ಸರ್ ಜಾರು ಈಗಲೂ ಸೋರುತ್ತಿದೆಯಾ ಕೇಳಿ.